ಚಪ್ಪಟೆಯೋ, ರೋಲರ್ರೋ?

ಮೂರು ವಾರದಿಂದ ಆ ಮನೆಯವರು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದರು. ಊಟದ ಮೇಜನ್ನು ಮಾವನವರ ಹಳೇ ಕಾರಿನ ಇಂಜಿನ್ ಭಾಗಗಳು ಆಕ್ರಮಿಸಿಕೊಂಡಿದ್ದವು. ಬಿಚ್ಚಿದವರು ಮನೆಯ ಅಳಿಯ, ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಬಿಚ್ಚಲು ಒಂದು ಭಾನುವಾರ ಸಾಕಾಗಿತ್ತು. ಜೋಡಿಸುವ ಹೊತ್ತಿಗೆ ಧರ್ಮಸಂಕಟ ಎದುರಾಯಿತು.

ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಸವೆದಿತ್ತು. ಹೊಸದರಲ್ಲಿ ಎರಡು ಬಗೆ. ಕ್ಯಾಮಿನ ಉಬ್ಬು ತಳ್ಳುವ ಬಿಲ್ಲೆ, ಅಂದರೆ ಟ್ಯಾಪೆಟ್ಟು, ಚಪ್ಪಟೆಯಾಗಿರುವುದು ಅಗ್ಗ, ಆದರೆ ಉಜ್ಜಿಕೊಂಡು ಓಡುವಂಥದ್ದು. ಮೊದಲ ಸಲ ಇಪ್ಪತ್ತು ನಿಮಿಷ ಜೋರಾಗಿ, ನಿಲ್ಲಿಸದೆ ಓಡಿಸಿ ಪಳಗಿಸದಿದ್ದರೆ ಕೆಟ್ಟೇ ಹೋಗುತ್ತದೆ. ರೋಲರ್ ದುಬಾರಿ, ಆದರೆ ಪುಟ್ಟ ಗಾಲಿಯ ಮೇಲೆ ಉರುಳುವುದರಿಂದ ಆ ರಗಳೆಯಿಲ್ಲ. ಮೇಷ್ಟ್ರು ಬೆಳಿಗ್ಗೆ ರೋಲರ್ ಪಕ್ಷ, ಸಂಜೆ ಚಪ್ಪಟೆ ಪಕ್ಷ. (ನಡುವೆ ಪಾಠ ಮಾಡುತ್ತಾರೆಂದು ಶಾಲೆಯವರು ನಂಬಿದ್ದರು.)

ಕೊನೆಗೆ ಹೆಂಡತಿಯ ತಾಳ್ಮೆಯ ಕಟ್ಟೆ ಒಡೆಯಿತು. "ಭಾನುವಾರ ಮೇಜು ಖಾಲಿ ಆಗ್ಬೇಕು. ಇಲ್ಲಾಂದ್ರೆ ಮೇಜಿನ ಜೊತೆ ನೀವೂ ಶೆಡ್ಡಿಗೆ."

ಮೇಷ್ಟ್ರು ಕಣ್ಣು ಮುಚ್ಚಿ ಚಪ್ಪಟೆಯನ್ನೇ ಆರಿಸಿದರು. ಇಂಜಿನ್ ಕಾರಿನೊಳಗೆ ಕೂತಿತು. ಭೂಮಿ ಬಾಯಿಬಿಟ್ಟರೂ ಇಪ್ಪತ್ತು ನಿಮಿಷ ನಿಲ್ಲಿಸುವುದಿಲ್ಲ, ಯಾರೂ ಮಾತಾಡಿಸಕೂಡದು ಎಂದು ಮನೆಮಂದಿಗೆಲ್ಲ ಸಾರಿ, ಗಡಿಯಾರ ಹಿಡಿದು ಸ್ಟಿಯರಿಂಗ್ ಮುಂದೆ ವಿರಾಜಮಾನರಾದರು. ಇಂಜಿನ್ ಘರ್ಜಿಸಿತು. ಒಂಬತ್ತನೇ ನಿಮಿಷಕ್ಕೆ ಟಕ್ ಟಕ್ ಎಂದು ಸದ್ದು. ಮೇಷ್ಟ್ರು ಟ್ಯಾಪೆಟ್ಟೇ ಹೋಯಿತೆಂದು ಕೀ ತಿರುಗಿಸಿ ನಿಲ್ಲಿಸಿಬಿಟ್ಟರು.

ಇಂಜಿನ್ ನಿಂತಿತು. ಟಕ್ ಟಕ್ ನಿಲ್ಲಲಿಲ್ಲ.

ಮಾವನವರು ಊರುಗೋಲಿನಿಂದ ಕಾರಿನ ಬೆನ್ನು ತಟ್ಟುತ್ತಿದ್ದರು. "ಶಬ್ದ ಚೆನ್ನಾಗಿದೆ ಅಳಿಯಂದಿರೇ. ಯಾಕೆ ನಿಲ್ಲಿಸಿದ್ರಿ?"

ಮೇಷ್ಟ್ರು ಬೆವರುತ್ತ ಮತ್ತೆ ಶುರು ಮಾಡಿದರು. ಆದರೆ ಮೊದಲಿಂದ ಇಪ್ಪತ್ತೋ, ಉಳಿದ ಹನ್ನೊಂದೋ ಎಂಬ ಹೊಸ ಪ್ರಶ್ನೆ ಹುಟ್ಟಿತು. ಇಂಜಿನ್ನನ್ನು ಮೆಲ್ಲಗೆ ಓಡಲು ಬಿಟ್ಟು ಬಹಳ ಹೊತ್ತು ಯೋಚಿಸಿದರು. ಪಳಗದ ಕ್ಯಾಮನ್ನು ಮೆಲ್ಲಗೆ ಓಡಿಸುವುದು, ಅದೊಂದನ್ನು ಮಾತ್ರ ಮಾಡಬಾರದಿತ್ತು.

ಮರುದಿನ ಮೆಕ್ಯಾನಿಕ್ ಬಿಚ್ಚಿ ನೋಡಿದ. ಕ್ಯಾಮಿನ ಉಬ್ಬುಗಳೆಲ್ಲ ಸವೆದು ನುಣ್ಣಗಾಗಿದ್ದವು. ಈಗ ಯಾವುದು ಹಾಕಲಿ ಎಂದು ಕೇಳಿದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಎರಡಕ್ಕೂ ಅದರದರದೇ ಗುಣವಿದೆ ಎಂದು ವಿವರಿಸತೊಡಗಿದರು.

"ರೋಲರ್ ಹಾಕಪ್ಪ," ಎಂದಳು ಹೆಂಡತಿ, ಒಳಗೆ ಹೋಗುತ್ತ.

ನಾಲ್ಕೇ ದಿನದಲ್ಲಿ ಕಾರು ಬೆಣ್ಣೆಯಂತೆ ಓಡಿತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಬರುವಷ್ಟರಲ್ಲಿ ಸ್ಟಿಯರಿಂಗ್ ಮುಂದೆ ಹೆಂಡತಿ ಕೂತಾಗಿತ್ತು. ಮೇಷ್ಟ್ರು ಕಾರಿನ ಬಾಗಿಲ ಬಳಿ ನಿಂತರು.

"ಮುಂದೆ ಅಪ್ಪ ಕೂತಿದಾರೆ, ನೀವು ಹಿಂದೆ ಹತ್ತಿ," ಎಂದಳು ಅವಳು. "ಎಡಗಡೆ. ಯೋಚ್ನೆ ಮಾಡ್ಬೇಡಿ."