ಐದಡಿ ಏಳಿಂಚಿನ ಸೈಕಲ್ಲು

ಅಂಗಡಿಯಲ್ಲಿ ಸಿಗುವ ಯಾವ ಸೈಕಲ್ ಏರಿದರೂ ನಮ್ಮ ಗುಮಾಸ್ತರ ಕಾಲು ನೆಲ ಮುಟ್ಟುತ್ತಿರಲಿಲ್ಲ. ಅದಕ್ಕೆ ಕಾಲೇ ಕಾರಣವೆಂದು ಯಾರಾದರೂ ಸೂಚಿಸಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. (ನೆತ್ತಿ ಹೆಚ್ಚು ದೂರವಿರಲಿಲ್ಲವಾದ್ದರಿಂದ ಬೇಗನೆ ಏರುತ್ತಿತ್ತು.) ತಪ್ಪೆಲ್ಲ ಸೈಕಲ್ ಮಾಡುವವರದು, ಅವರು ಒಂಟೆಗಳ ಅಳತೆ ತೆಗೆದು ಮನುಷ್ಯರಿಗೆ ಮಾರುತ್ತಾರೆ ಎಂದು ಕಚೇರಿಯಲ್ಲಿ ಭಾಷಣ ಬಿಗಿಯುತ್ತಿದ್ದರು. ಒಂದು ಭಾನುವಾರ ಹಲ್ಲುಜ್ಜುತ್ತಿರುವಾಗ ಅವರಿಗೆ ಜ್ಞಾನೋದಯವಾಯಿತು. ಉಕ್ಕಿನ ಪೈಪು ತಂದು, ತಮ್ಮ ಮೈಗೆ ತಕ್ಕ ಫ್ರೇಮನ್ನು ಮನೆಯಲ್ಲೇ ಕಟ್ಟುವುದು!

"ರೀ, ಹೋದ್ಸಲ ನೀವು ರಿಪೇರಿ ಮಾಡಿದ ಕುರ್ಚಿ ಮೇಲೆ ಕೂತವರು ಇನ್ನೂ ನಮ್ಮನ್ನ ಮಾತಾಡಿಸ್ತಿಲ್ಲ," ಎಂದಳು ಹೆಂಡತಿ.

"ಮರ ಬೇರೆ, ಉಕ್ಕು ಬೇರೆ. ನಿನಗೆ ಅರ್ಥ ಆಗಲ್ಲ."

ಫ್ರೇಮಿಗೆ ಮೊದಲು ಪೂರ್ತಿ ಗಾತ್ರದ ನಕ್ಷೆ ಬರೆಯಬೇಕು, ಅದಕ್ಕೆ ಸೊಟ್ಟಗಿಲ್ಲದ ಹಲಗೆ ಬೇಕು. ಇಡೀ ಮನೆಯಲ್ಲಿ ನೆಟ್ಟಗಿದ್ದ ಹಲಗೆಯೆಂದರೆ ಬಚ್ಚಲಮನೆಯ ಬಾಗಿಲೊಂದೇ. ಅದನ್ನು ಕಳಚಿ ಊಟದ ಮೇಜಿನ ಮೇಲೆ ಹಾಸಿ, ಬಾಗಿಲಿದ್ದ ಜಾಗದಲ್ಲಿ ಹಳೇ ಬೆಡ್‌ಶೀಟು ಇಳಿಬಿಟ್ಟರು. ಅಂದಿನಿಂದ ಅತ್ತೆ, ಅಂದರೆ ಹೆಂಡತಿಯ ತಾಯಿ, ಒಳಗೆ ಜನ ಇದ್ದಾರೆ ಎಂದು ಜಗತ್ತಿಗೆ ಸಾರಲು ಗಟ್ಟಿಯಾಗಿ ಮಗ್ಗಿ ಹೇಳುತ್ತ ಸ್ನಾನ ಮಾಡಬೇಕಾಯಿತು.

"ಅಳಿಯಂದಿರೇ, ಬಾಗಿಲು ಯಾವತ್ತು ವಾಪಸ್ ಬರುತ್ತೆ?"

"ಇನ್ನು ಮೂರು ವಾರ ಅತ್ತೆ."

"ದಿನಕ್ಕೊಂದು ಮಗ್ಗಿ ಅಂದ್ರೂ ನಂಗೆ ಹತ್ತೊಂಬತ್ತರ ತನಕ ಮಾತ್ರ ಬರೋದು, ಸ್ವಲ್ಪ ಬೇಗ ಮುಗಿಸಿ," ಎಂದರು ಅತ್ತೆ.

ನಿಜವಾದ ಗಂಡಾಂತರ ಎದುರಾದದ್ದು ಅಳತೆಯ ದಿನ. ಹೆಂಡತಿ ಟೈಲರು. ಅರ್ಧ ಊರಿನ ಮೈ ಅವಳ ಟೇಪಿಗೆ ಗೊತ್ತು. "ಬನ್ನಿ, ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಲ್ಲಿ," ಎಂದು ಅವಳು ಕರೆದಾಗ ಗುಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದರು. ಮದುವೆಗೆ ಮುಂಚೆ, ಹುಡುಗಿ ಐದಡಿ ಏಳಿಂಚು ಎಂದು ತಿಳಿದ ಗಳಿಗೆಯಲ್ಲಿ, "ನಾನೂ ಅಷ್ಟೇ" ಎಂದು ಅವರು ಬಾಯಿತಪ್ಪಿ ಹೇಳಿಬಿಟ್ಟಿದ್ದರು. ಆ ಮಾತನ್ನು ಉಳಿಸಿಕೊಳ್ಳಲು ಹದಿನಾರು ವರ್ಷ ಪಟ್ಟ ಪಾಡು ಅಷ್ಟಿಷ್ಟಲ್ಲ. ಬೂಟಿನೊಳಗೆ ರಟ್ಟು, ಫೋಟೋಗಳಲ್ಲಿ ಕಾಲಡಿಗೆ ಇಟ್ಟಿಗೆ. ಮನೆಯೊಳಗೂ ಹೆಂಡತಿ ಪಕ್ಕಕ್ಕೆ ಬಂದರೆ ಸಾಕು, ತಟ್ಟನೆ ಕೂತುಬಿಡುತ್ತಿದ್ದರು.

"ಟೇಪು ಯಾಕೆ? ಐದಡಿ ಏಳು ಅಂತ ಗೊತ್ತೇ ಇದೆಯಲ್ಲ!"

"ಒಂದು ನಿಮಿಷದ ಕೆಲಸ ರೀ."

"ಗಂಡನ ಮಾತಿಗಿಂತ ಟೇಪು ಹೆಚ್ಚಾ ನಿಂಗೆ?"

"ಬಟ್ಟೆ ಆದ್ರೆ ಬಿಚ್ಚಿ, ಮಡಚಿ ಹೊಲೀಬಹುದು. ಉಕ್ಕನ್ನ ಮಡಚೋಕಾಗಲ್ಲ. ಕೊನೇ ಸಲ ಕೇಳ್ತೀನಿ, ಏಳೇ ಬರೀಲಾ?"

ನಿಜ ಹೇಳಿಬಿಡೋಣವೆಂದು ಗುಮಾಸ್ತರು ಬಾಯಿ ತೆರೆದರು. ಆದರೆ ಅಷ್ಟು ವರ್ಷದ ರಟ್ಟೆಲ್ಲ ದಂಡವಾಗುತ್ತದಲ್ಲ ಎಂದು ಹೊಟ್ಟೆ ಉರಿಯಿತು. "ಬರಿ!" ಎಂದು ಅಬ್ಬರಿಸಿದರು. ಅವಳು ಬರೆದಳು. ಕಾಲಿನ ಉದ್ದ, ತೋಳಿನ ಉದ್ದಗಳನ್ನೂ ತಾನೇ ಚಕಚಕನೆ ತುಂಬಿ ಚೀಟಿ ಕೈಗಿತ್ತಳು.

ಆಮೇಲೆ ಮೂರು ವಾರ ಮನೆಯಲ್ಲಿ ಲೋಹಯುಗ. ಪೈಪು ಕತ್ತರಿಸಿದ್ದೇನು, ಒಂದರ ತುದಿ ಇನ್ನೊಂದನ್ನು ಅಪ್ಪಿ ಕೂರುವಂತೆ ಅರದಿಂದ ಉಜ್ಜಿದ್ದೇನು! ಹಿತ್ತಾಳೆ ಕರಗಿಸಿ ಬೆಸೆಯುವಾಗ ಮೊದಮೊದಲು ಪೈಪಿಗಿಂತ ಮೇಜಿಗೇ ಹೆಚ್ಚು ಅಂಟಿತು. ಅನ್ನದಲ್ಲಿ ಉಕ್ಕಿನ ಪುಡಿ ಸಿಕ್ಕಿದಾಗ "ಕಬ್ಬಿಣಾಂಶ ಒಳ್ಳೇದು" ಎಂದು ಸಮಾಧಾನ ಹೇಳಿದರು. ಆದರೆ ನೀವು ನಂಬಲೇಬೇಕು, ಫ್ರೇಮು ಸೊಗಸಾಗಿ ಬಂತು. ಹಸಿರು ಬಣ್ಣ ಬಳಿದು, ಚಕ್ರ, ಸೀಟು, ಬ್ರೇಕು ಎಲ್ಲ ಜೋಡಿಸಿ ನಿಲ್ಲಿಸಿದಾಗ ಗುಮಾಸ್ತರಿಗೆ ಕಣ್ಣು ತುಂಬಿ ಬಂತು.

ಸಂಜೆ ಬೀದಿಯಲ್ಲಿ ಉದ್ಘಾಟನೆ. ದಿನಸಿ ಅಂಗಡಿಯವನು ಹೊರಗೆ ಬಂದ. ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯನ್ನು ಹಾಗೇ ಬಿಟ್ಟು ಬಂದ. ಗುಮಾಸ್ತರು ಮನೆಯ ಮೆಟ್ಟಿಲ ಮೇಲೆ ನಿಂತು ಸೈಕಲ್ ಏರಿ ಹೊರಟರು. ಸೀಟನ್ನು ಪೂರ್ತಿ ಇಳಿಸಿದ್ದರೂ ಪೆಡಲ್ಲು ಸಿಗುತ್ತಿದ್ದುದು ಹೆಬ್ಬೆರಳ ತುದಿಗೆ ಮಾತ್ರ. ಆದರೂ ಮೊದಲ ಸುತ್ತು ರಾಜಗಾಂಭೀರ್ಯದಿಂದ ಮುಗಿಯಿತು. ನಿಲ್ಲಿಸೋಣವೆಂದು ಕಾಲು ಚಾಚಿದರು. ನೆಲ ಬರಲಿಲ್ಲ. ಸೀಟಿನಿಂದ ಮುಂದಕ್ಕೆ ಜಾರೋಣವೆಂದರೆ, ಮೇಲಿನ ಪೈಪು ಅವರ ವಂಶಕ್ಕೇ ಕುತ್ತು ತರುವಷ್ಟು ಎತ್ತರದಲ್ಲಿ ಕಾದು ಕೂತಿತ್ತು.

"ಸಾಕು, ಇಳೀರಿ!" ಎಂದಳು ಹೆಂಡತಿ.

"ಇನ್ನೊಂದು ರೌಂಡು! ಏನ್ ಓಡ್ತಿದೆ ಗೊತ್ತಾ!"

ನಾಲ್ಕನೇ ಸುತ್ತಿಗೆ ನಗು ಮಾಯವಾಗಿತ್ತು. ಆರನೆಯದಕ್ಕೆ ಉಸಿರು.

"ಲೇ, ಹಿಡ್ಕೊಳ್ಳೇ!"

"ಹಿಡ್ಕೋತೀನಿ. ನಿಮ್ಮ ಎತ್ತರ ಎಷ್ಟು ಹೇಳಿ."

"ಏಳು!"

"ಹಾಗಾದ್ರೆ ಹೋಗ್ಬನ್ನಿ."

ಏಳನೇ ಸುತ್ತಿನಲ್ಲಿ ತೊಡೆಗಳು ಕೈಕೊಟ್ಟವು. ಗುಮಾಸ್ತರು ಇಡೀ ಬೀದಿ ಬೆಚ್ಚಿಬೀಳುವಂತೆ ಕೂಗಿದರು: "ನಾಲ್ಕು! ಐದಡಿ ನಾಲ್ಕು!"

ಹೆಂಡತಿ ಸೀಟು ಹಿಡಿದು ನಿಲ್ಲಿಸಿ, ಅವರನ್ನು ಸೊಂಟ ಹಿಡಿದು ಇಳಿಸಿದಳು. ಆಮೇಲೆ ತಾನು ಹತ್ತಿದಳು. ಎರಡೂ ಪಾದ ನೆಲಕ್ಕೆ ಹಾಯಾಗಿ ಊರಿದವು, ಕೈ ಹ್ಯಾಂಡಲ್ಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು.

"ಏಳು ಅಂತ ಹಟ ಹಿಡಿದ್ರಲ್ಲ, ಕಾಲಿಂದು ಕೈಯಿಂದು ಎಲ್ಲ ನನ್ನ ಅಳತೇನೇ ಬರ್ದೆ. ಹೊಲಿದ ಬಟ್ಟೆ ಮನೆಮನೆಗೆ ಕೊಟ್ಟು ಬರೋಕೆ ಇಂಥದ್ದೇ ಬೇಕಿತ್ತು," ಎಂದು ಪೆಡಲ್ ತುಳಿದಳು.

ಗುಮಾಸ್ತರು ಅಳಿದುಳಿದ ಮಾನವನ್ನೆಲ್ಲ ಒಟ್ಟುಗೂಡಿಸಿಕೊಂಡು, "ಹೋಗ್ಲಿ ಬಿಡು! ಕೊನೆಗೂ ನಿಜ ಹೇಳಿದ್ನಲ್ಲ!" ಎಂದು ಅವಳ ಬೆನ್ನಿಗೆ ಕೂಗಿದರು.

ಹೆಂಡತಿ ತಿರುಗಿಯೂ ನೋಡಲಿಲ್ಲ. ಬೀದಿಯ ಕೊನೆಯಿಂದ ಉತ್ತರ ಮಾತ್ರ ಬಂತು:

"ನಾಲ್ಕಲ್ಲ ರೀ, ಮೂರೂವರೆ!"