ಅಂಗಡಿಯಿಂದ ತಂದ ಹಿರಿಯರು

ಎಲ್ಲರಿಗೂ ಹಿರಿಯರು ಹುಟ್ಟಿನಿಂದ ಬರುತ್ತಾರೆ. ನಮ್ಮ ಸೋದರಮಾವ ಮಾತ್ರ ಒಬ್ಬ ಹಿರಿಯರನ್ನು ದೇವರಾಜ ಮೊಹಲ್ಲಾದ ಫೋಟೋ ಕಟ್ಟಿನ ಅಂಗಡಿಯಿಂದ ಕಂಕುಳಲ್ಲಿ ಇಟ್ಟುಕೊಂಡು ಬಂದರು!

ಅದು ತೊಂಬತ್ತರ ದಶಕ. ಮದುವೆಯಾಗದ ಮಾವ ಉದಯಗಿರಿಯ ನಮ್ಮ ಮನೆಯಲ್ಲೇ ಇದ್ದರು. ತಂದದ್ದು ಐವತ್ತರ ದಶಕದಲ್ಲಿ ಕಲ್ಲಚ್ಚಿನಿಂದ ಮುದ್ರಿಸಿದ ಒಂದು ಚಿತ್ರ: ಬೆಂಚಿನ ಮೇಲೆ ತಲೆ ತಗ್ಗಿಸಿ ಒಬ್ಬನೇ ಕೂತ ಮುದುಕ. ಕಟ್ಟು ಹಾಕಲು ಅಂಗಡಿಗೆ ಕೊಟ್ಟವರು ಮತ್ತೆ ಬಂದೇ ಇರಲಿಲ್ಲವಂತೆ.

"ಯಾರಣ್ಣ ಇದು?" ಎಂದರು ಅಮ್ಮ.

"ಗೊತ್ತಿಲ್ಲ ಕಣಮ್ಮ. ಕರ್ಕೊಂಡೋಗಕ್ಕೆ ಯಾರೂ ಬರ್ಲಿಲ್ಲ. ನಾನೇ ಕರ್ಕೊಂಡ್ ಬಂದ್ಬುಟ್ಟೆ."

ಅಕ್ಕನನ್ನು ನೋಡಲು ಬಂದ ಗಂಡಿನ ಕಡೆಯವರು ಗೋಡೆಯ ಮೇಲಿನ ಮುದುಕನನ್ನು ತೋರಿಸಿ, "ಇವರು ಯಾರು?" ಎಂದು ಕೇಳಿದರು. "ನಮ್ಮೋರೇ ಕಣ್ರೀ. ಏನೋ ಬೇಜಾರಲ್ಲಿ ಕೂತವ್ರೆ" ಎಂದರು ಮಾವ. ಮನೆತನಕ್ಕೇ ಏನೋ ಕಾಯಿಲೆಯಿದೆ ಎಂದುಕೊಂಡರೋ ಏನೋ, ಬಂದವರು ಕಾಫಿ ಅರ್ಧಕ್ಕೇ ಬಿಟ್ಟು ಹೊರಟರು!

ಅಷ್ಟಕ್ಕೇ ನಿಂತಿತೇ? ಪಿತೃಪಕ್ಷದಲ್ಲಿ ಹಿರಿಯರ ಫೋಟೋಗಳ ಮುಂದೆ ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತೇವಲ್ಲ, ಆ ಸಾಲಿಗೆ ಮುದುಕನನ್ನೂ ಸೇರಿಸಿದರು. ತಾತನಿಗೆ ಬೀಡಿ, ಅಜ್ಜಿಗೆ ಕಜ್ಜಾಯ. ಇವನಿಗೇನು ಇಷ್ಟವೋ ಯಾರು ಬಲ್ಲರು? ಮಾವನ ಸಂಶೋಧನೆ ಶುರುವಾಯಿತು. ಒಂದು ವರ್ಷ ಕೋಳಿ ಸಾರು, ಇನ್ನೊಂದು ವರ್ಷ ಮೈಸೂರು ಪಾಕು, ಮತ್ತೊಂದು ವರ್ಷ ಬ್ರಾಂದಿ! ಎಡೆಯಿಟ್ಟು ಬಾಗಿಲು ಮುಚ್ಚಿ, ಹಿರಿಯರು ಉಂಡಿರಬಹುದು ಅನ್ನಿಸಿದಾಗ ತಟ್ಟಿ ತೆಗೆಯುವುದು ನಮ್ಮ ಪದ್ಧತಿ. ತೆಗೆದ ಕೂಡಲೇ ಮಾವ ಒಳಗೆ ನುಗ್ಗಿ ಮುದುಕನ ಮುಖ ನೋಡುವರು.

"ಇನ್ನೂ ತಲೆ ಎತ್ತಿಲ್ಲ. ಬ್ರಾಂದಿ ಹಿಡಿಸ್ಲಿಲ್ಲ ಅನ್ಸುತ್ತೆ."

"ನಮ್ಮ ಯಜಮಾನ್ರಿಗೆ ಹಿಡಿಸ್ತದಲ್ಲ, ಬುಡಣ್ಣ!"

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಮಾವ ಹಠಾತ್ತನೆ ತೀರಿಕೊಂಡರು. ಆ ವರ್ಷದ ಪಿತೃಪಕ್ಷದಲ್ಲಿ ಅವರ ಫೋಟೋದ ಮುಂದೆ ಎಲೆ ಹಾಕಿ, ಅಮ್ಮ ಸೌಟು ಹಿಡಿದು ನಿಂತುಬಿಟ್ಟರು.

"ಅಣ್ಣಂಗೆ ಏನಿಷ್ಟ?"

ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ ತಲೆ ತಗ್ಗಿಸಿ ಕೂತು, ಮಿಕ್ಕಿದ್ದನ್ನು ಉಂಡವರು ಮಾವ. ಇಂಥದ್ದು ಬೇಕು ಎಂದು ಕೇಳಿದ್ದು ಯಾರ ನೆನಪಿಗೂ ಬರಲಿಲ್ಲ.

ಅಮ್ಮ ಮುದುಕನ ಚಿತ್ರವನ್ನು ಸರಿಸಿ ಮಾವನ ಫೋಟೋಗೆ ತಾಗಿಸಿ ಇಟ್ಟರು. ಇಷ್ಟು ವರ್ಷ ಮಾವ ಅವನಿಗೆ ಇಟ್ಟು ನೋಡಿದ್ದನ್ನೆಲ್ಲ ಇಬ್ಬರ ಎಲೆಗೂ ಬಡಿಸಿದರು.

"ನಮಗಂತೂ ಗೊತ್ತಾಗ್ಲಿಲ್ಲ," ಎಂದು ಮುದುಕನಿಗೆ ಹೇಳಿದರು. "ನೀವಾದ್ರೂ ಅಣ್ಣನ್ನ ಕೇಳಿ ಬಡಿಸಿ."

ಬಾಗಿಲು ಮುಚ್ಚಿದೆವು. ಆಮೇಲೆ ತಟ್ಟಲು ಯಾರಿಗೂ ಕೈ ಬರಲಿಲ್ಲ.