ಮಗುಚಿ ಹಾಕಿದ ಗ್ರಹ

"ವನಜಾ, ಮೇಲೆ ಬಾರೇ! ನಮ್ಮ ಸೂರ್ಯ ಕೈ ಕೊಟ್ರೇನಂತೆ, ಬೇರೆ ಸೂರ್ಯನ್ನೇ ಕರೆಸಿದ್ದೀನಿ!"

ತಾರಸಿಯಿಂದ ಗಂಡನ ಕೂಗು ಕೇಳಿದಾಗ ವನಜಾಕ್ಷಮ್ಮ ಅಡುಗೆಮನೆಯಲ್ಲಿ ಕೂತು ಮೋಡವನ್ನು ಶಪಿಸುತ್ತಿದ್ದರು. ಶುಕ್ರವಾರ ಮಗಳು ಮಾಲಿನಿಯ ಸೀಮಂತ. ಬಸುರಿ ಬಾಯಿಬಿಟ್ಟು ಕೇಳಿದ್ದು ಒಂದೇ, ಅಮ್ಮನ ಕೈಯ ಅಕ್ಕಿ ಸಂಡಿಗೆ. ಶ್ರಾವಣದ ಚಿಂತಾಮಣಿಯಲ್ಲಿ ಬಿಸಿಲಿನ ಸುಳಿವೇ ಇಲ್ಲ. ತಾರಸಿಯ ಪಂಚೆಯ ಮೇಲೆ ಇಟ್ಟ ಸಂಡಿಗೆ ಇವತ್ತು ಒಣಗದಿದ್ದರೆ ಬೂಷ್ಟು ಹಿಡಿಯುವುದು ಖಂಡಿತ.

ಪದ್ಮನಾಭಯ್ಯ ನಿವೃತ್ತ ವಿಜ್ಞಾನದ ಮೇಷ್ಟ್ರು. ಮೊಮ್ಮಗುವಿಗೆಂದು ಅವರು ಮಾಡಿದ್ದ ತಾನಾಗಿ ತೂಗುವ ತೊಟ್ಟಿಲು ಪಕ್ಕದ ಮನೆ ಬೆಕ್ಕನ್ನು ತೂಗಿ ತೂಗಿ ಊರು ಬಿಡಿಸಿತ್ತು. ಈ ಸಲ ಹಳೆಯ ಕುಕ್ಕರಿಗೆ ಮುರಿದ ಛತ್ರಿ ಕಟ್ಟಿ, ದೂರದ ನಕ್ಷತ್ರವನ್ನು ಕುಗ್ಗಿಸಿ ಮನೆಗೆ ತರಿಸುವ ಯಂತ್ರ ಮಾಡಿದ್ದರು. ವನಜಾಕ್ಷಮ್ಮ ಮೇಲೆ ಹತ್ತಿ ಬಂದು ನೋಡಿದರೆ, ಛತ್ರಿಯ ಮೇಲೆ ಕುಂಬಳಕಾಯಿ ಗಾತ್ರದ ನಕ್ಷತ್ರ ಝಗಝಗ ಹೊಳೆಯುತ್ತಿತ್ತು. ಅದಕ್ಕೆ ಅಂಟಿಕೊಂಡಂತೆ ನಿಂಬೆಹಣ್ಣಿನಷ್ಟು ಗ್ರಹವೊಂದು ಸುತ್ತುತ್ತಿತ್ತು.

"ನಿಂಬೆಹಣ್ಣು ಅಂದ್ಕೋಬೇಡ! ನಿಜವಾಗಿ ನಮ್ಮ ಗುರುಗ್ರಹಕ್ಕಿಂತ ದೊಡ್ಡದು. ಅಷ್ಟು ದೊಡ್ಡದು ಹೋಗಿ ಹೋಗಿ ನಕ್ಷತ್ರದ ಮಡಿಲಲ್ಲೇ ಕೂತಿದೆ. ಅಲ್ಲಿ ಒಂದು ವರ್ಷ ಅಂದ್ರೆ ನಮಗೆ ಮೂರೇ ದಿನ!"

"ಮೂರು ದಿನಕ್ಕೊಂದು ಯುಗಾದಿನಾ? ಹೋಳಿಗೆ ತಟ್ಟೋರ ಸೊಂಟ ಏನಾಗ್ಬೇಕ್ರೀ!"

ಬೈದರೂ ವನಜಾಕ್ಷಮ್ಮನಿಗೆ ಕಣ್ಣು ಕೀಳಲಾಗಲಿಲ್ಲ. ಜೇನಿನ ಬಣ್ಣದ ಬಿಸಿಲು ಪಂಚೆಯ ಮೇಲೆ ಹರಿದು ಸಂಡಿಗೆಗಳು ಒಂದೊಂದಾಗಿ ಒಣಗತೊಡಗಿದವು. ಆದರೆ ಗ್ರಹದ ಒಂದು ಮುಖ ಕೆಂಡ, ಇನ್ನೊಂದು ಕಗ್ಗತ್ತಲೆ.

"ರೀ, ಇದು ಒಂದೇ ಕಡೆ ಬೇಯ್ತಿದೆಯಲ್ರೀ?"

"ಅದರ ಹಣೇಬರಹವೇ ಅದು. ಎಷ್ಟು ಸುತ್ತಿದ್ರೂ ನಕ್ಷತ್ರಕ್ಕೆ ಒಂದೇ ಮುಖ ತೋರ್ಸುತ್ತೆ. ಆ ಕಡೆ ಹಗಲು ಮುಗಿಯಲ್ಲ, ಈ ಕಡೆ ಬೆಳಗಾಗಲ್ಲ. ನೀನು ಮಾತ್ರ ಮುಟ್ಟಬೇಡ!" ಎಂದು ಅವರು ಯಂತ್ರದ ಸಡಿಲವಾದ ಗುಂಡಿ ಬಿಗಿಯಲು ತಿರುಪುಳಿ ತರಲು ಕೆಳಗಿಳಿದರು.

ವನಜಾಕ್ಷಮ್ಮ ಸಟ್ಟುಗ ಹಿಡಿದು ಮೇಲ್ಮೈ ಒಣಗಿದ ಸಂಡಿಗೆಗಳನ್ನು ಮಗುಚುತ್ತ ಬಂದರು. ಒಂದು ಸಾಲು ಮುಗಿಯಿತು, ಎರಡನೆಯದೂ ಮುಗಿಯಿತು. ಕೊನೆಯಲ್ಲಿ ಕಣ್ಣಿಗೆ ಬಿದ್ದದ್ದು ಗ್ರಹ. ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿ ಉಳಿದದ್ದನ್ನು ಹಾಗೇ ಬಿಟ್ಟು ಬರುವುದು ಅವರ ಕೈಗೆ ಗೊತ್ತೇ ಇರಲಿಲ್ಲ. ಸಟ್ಟುಗ ಅಡಿಗೆ ಹೋಯಿತು, ಗ್ರಹ ಪಟಕ್ಕನೆ ಮಗುಚಿಕೊಂಡಿತು!

ಹುಟ್ಟಿದಾಗಿನಿಂದ ಬಿಸಿಲು ಕಾಣದಿದ್ದ ಆ ಕಪ್ಪು ಮುಖ ನಿಟ್ಟುಸಿರು ಬಿಟ್ಟಿತು. ಉಸಿರು ಗಾಳಿಯಾಯಿತು, ಗಾಳಿ ಬಿರುಗಾಳಿಯಾಯಿತು. ಪಂಚೆ ಹಾರಿತು! ಅದರ ಹಿಂದೆ ಸಂಡಿಗೆಗಳೆಲ್ಲ ಎದ್ದವು. ಬಿಸಿಗಾಳಿಗೆ ಎಣ್ಣೆಯಿಲ್ಲದೆಯೇ ಅರಳಿ, ಬೆಳ್ಳಗೆ ಉಬ್ಬಿ, ತಾರಸಿಯ ಸುತ್ತ ಗಿರಕಿ ಹೊಡೆಯತೊಡಗಿದವು.

"ಏನೇ ಮಾಡ್ದೆ?" ಪದ್ಮನಾಭಯ್ಯ ಓಡಿಬಂದರು.

"ಮಗುಚಿ ಹಾಕ್ದೆ! ಮೊದಲು ಅದನ್ನ ನಿಲ್ಸಿ, ನನ್ನ ಸಂಡಿಗೆ ಹೋಯ್ತು!"

"ನಿಲ್ಸೋ ಗುಂಡೀನೇ ಹಾರಿಹೋಗಿದೆ ಕಣೇ! ಅಗೋ, ಸಂಡಿಗೆ ಜೊತೆ ಸುತ್ತಾ ಇದೆ!"

ವನಜಾಕ್ಷಮ್ಮ ನೀರಿನ ತೊಟ್ಟಿಗೆ ಒರಗಿ ಅತ್ತೇಬಿಟ್ಟರು. ಮಗಳು ಕೇಳಿದ್ದು ಒಂದೇ ಒಂದು, ಅದೂ ಕೈಗೆ ಸಿಗದ ಎತ್ತರದಲ್ಲಿ ಹಾರುತ್ತಿತ್ತು.

ಆಗ ಬಿರುಗಾಳಿ ತಣ್ಣಗಾಯಿತು. ಗ್ರಹ ಮೆಲ್ಲಗೆ ತನ್ನ ಸುತ್ತ ತಾನೇ ತಿರುಗತೊಡಗಿತು. ಮೊಟ್ಟಮೊದಲ ಬಾರಿಗೆ ಅಲ್ಲಿ ಸಂಜೆಯಾಯಿತು. ನೀಲಿ ಮುಸ್ಸಂಜೆ ಗ್ರಹದಿಂದ ತುಳುಕಿ ತಾರಸಿಯನ್ನೆಲ್ಲ ತುಂಬಿತು. ಸಂಡಿಗೆಗಳು ಕೆಳಗಿಳಿದು, ತಲೆಯಿಂದ ಮೊಳದೆತ್ತರದಲ್ಲಿ ನಿಧಾನವಾಗಿ ತೇಲತೊಡಗಿದವು. ವನಜಾಕ್ಷಮ್ಮ ಅಳುವುದನ್ನು ಮರೆತರು. ಇಷ್ಟು ಚೆಂದದ ಸಂಜೆಯನ್ನು ಅವರು ನೋಡಿರಲಿಲ್ಲ.

ಶುಕ್ರವಾರ ಬಂದರೂ ಸಂಡಿಗೆ ಕೆಳಗೆ ಬರಲೊಲ್ಲದಾಗ ಸೀಮಂತವೇ ತಾರಸಿಗೆ ಹತ್ತಿತು! ಹಸಿರು ಸೀರೆಯ ಮಾಲಿನಿ ಕೈ ಚಾಚಿ ತೇಲಿಬಂದ ಸಂಡಿಗೆಯೊಂದನ್ನು ಹಿಡಿದು ಕಚ್ಚಿದಳು. ಕರುಂ ಎಂದಿತು. ಅವಳ ಕಣ್ಣು ತುಂಬಿತು. "ಅಮ್ಮಾ, ಇದೇ ಬೇಕಿತ್ತು ನಂಗೆ," ಎಂದಳು.

ಬೀಗಿತ್ತಿ ಪಂಕಜಮ್ಮನವರು ಎಲೆಯ ಮುಂದೆ ಕೂತು, ತಲೆಯ ಮೇಲೆ ಸಾಗುತ್ತಿದ್ದ ಸಂಡಿಗೆಗಳ ಸಾಲನ್ನು ಬಹಳ ಹೊತ್ತು ನೋಡಿದರು.

"ಎಲ್ಲಾ ಸರಿ ಕಣ್ರೀ," ಎಂದರು ಕೊನೆಗೆ, "ಇಷ್ಟು ಮೇಲೆ ಬಡಿಸಿದ್ರೆ ಮೊಣಕಾಲು ನೋವಿರೋರು ಏನು ಮಾಡ್ಬೇಕು?"